ಪೋಸ್ಟಕ್ಕನಿಂದ ಊರಿನವರಿಗೆ ಒಂದು ಕಾಗದ

ಮೊನ್ನೆ ರಿಸಲ್ಟ್ ಬಂತು. ಪೋಸ್ಟ್‌ಮ್ಯಾನ್ ಪರೀಕ್ಷೆಯಲ್ಲಿ ಆಯ್ಕೆಯಾದವರ ಪಟ್ಟಿಯಲ್ಲಿ ನನ್ನ ಹೆಸರಿದೆ.

"ನೀನು ಈಗಾಗಲೇ ಕಾಗದ ಹಂಚ್ತೀಯಲ್ಲ, ಮತ್ತೆಂಥ ಪರೀಕ್ಷೆ?" ಎಂದು ಕೇಳಿದವರು ಬಹಳ ಜನ. ನಾನು ಇಷ್ಟು ದಿನ ಗ್ರಾಮೀಣ ಡಾಕ್ ಸೇವಕಿ. ಎಸ್ಸೆಸ್ಸೆಲ್ಸಿ ಅಂಕ ನೋಡಿ ತೆಗೆದುಕೊಂಡ ಕೆಲಸ. ದಿನಕ್ಕೆ ನಾಲ್ಕೈದು ಗಂಟೆಯ ಲೆಕ್ಕ. ಕೈಗೆ ಬರುವುದನ್ನು ಸಂಬಳ ಅನ್ನುವುದಿಲ್ಲ, ಭತ್ಯೆ ಅನ್ನುತ್ತಾರೆ. 5 ವರ್ಷ ದುಡಿದ ಮೇಲೆ ಇಲಾಖೆಯೊಳಗಿನ ಪರೀಕ್ಷೆ ಬರೆಯಬಹುದು. ತೀರ್ಥಹಳ್ಳಿ ಕಡೆಯ ಮಳೆಯಲ್ಲಿ ಒಂಟಿ ಮನೆಗಳಿಗೆ ನಡೆದವರಿಗೆ ಆ ನಾಲ್ಕೈದು ಗಂಟೆ ಎಂಥದ್ದು ಅಂತ ಗೊತ್ತು.

ಮೊದಲ ಸಲ ಆಗಲಿಲ್ಲ. ಯಾರಿಗೂ ಹೇಳಿರಲಿಲ್ಲ, ಆದರೂ ಊರಿಗೆಲ್ಲ ಗೊತ್ತಾಯಿತು. ನಿಮ್ಮ ಕಾಗದದ ಗುಟ್ಟು ನಾನು ಕಾಯ್ತೇನೆ, ನನ್ನ ಗುಟ್ಟು ಮಾತ್ರ ಯಾರೂ ಕಾಯಲಿಲ್ಲ ನೋಡಿ.

ಎರಡನೇ ಸಲ ಹಠ ಹಿಡಿದದ್ದು ನಮ್ಮ ಬ್ರಾಂಚ್ ಪೋಸ್ಟ್‌ಮಾಸ್ಟರ್ ಸರ್. ಕಾಗದಕ್ಕೆ ಮುದ್ರೆ ಹೊಡೆಯುತ್ತಲೇ ಪಿನ್ ಕೋಡ್ ಪ್ರಶ್ನೆ. ಠಪ್. "577101?" "ಚಿಕ್ಕಮಗಳೂರು ಸರ್." ಠಪ್. "577201?" "ಶಿವಮೊಗ್ಗ." "ಜಿಲ್ಲೆ ಬೇರೆ ಬೇರೆ, 577 ಯಾಕೆ ಒಂದೇ?" ನಾನು ಬಾಯಿ ಬಿಟ್ಟೆ. ಮೊದಲ ಮೂರು ಅಂಕಿ ಕಾಗದ ವಿಂಗಡಿಸುವ ವಲಯದ್ದಂತೆ, ಕೊನೆಯ ಮೂರು ಬಟವಾಡೆ ಮಾಡುವ ಆಫೀಸಿನದ್ದು. ಇಷ್ಟು ವರ್ಷ ಚೀಲ ಹೊತ್ತವಳಿಗೆ ಅದೇ ಗೊತ್ತಿರಲಿಲ್ಲ! ಸರ್, ನಿಮ್ಮ ಋಣ ದೊಡ್ಡದು.

ಚೀಲ ತರುವ ಬಸ್ಸು ತಡವಾದಾಗಲೆಲ್ಲ ನಾನು ಓದುತ್ತಿದ್ದೆ. ಮಳೆಗಾಲದಲ್ಲಿ ಅಂಥ ದಿನ ಜಾಸ್ತಿ. ಕಂಡಕ್ಟರ್ ಅಣ್ಣ, ಆಗ ಬೈದದ್ದಕ್ಕೆ ಬೇಜಾರಿಲ್ಲ ಅಲ್ವಾ? ಟೈಪಿಂಗ್ ಕಲಿಸಿದ ಮಗಳಿಗೆ, ಹಾಲು ಕರೆಯುವ ಕೆಲಸ ಸುಮ್ನೆ ತಾವೇ ವಹಿಸಿಕೊಂಡ ಮನೆಯವರಿಗೆ ಇಲ್ಲಿ ಏನು ಹೇಳಲಿ, ಮನೆಯಲ್ಲೇ ಹೇಳಿದ್ದೇನೆ.

ಇನ್ನು ಮೇಲಿನಮನೆ ಅಜ್ಜಿ. ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಒಂದು ಪತ್ರ ಬರೆಯಬೇಕು. ದಿನಾ ಕಾಗದ ಹಂಚುವ ನಾನು ಕಾಗದ ಬರೆದು ಎಷ್ಟೋ ವರ್ಷವಾಗಿತ್ತು. ಅಜ್ಜಿಗೆ ಓದು ಬರಹ ಬಾರದು. "ಸಾಗರದ ತಂಗಿಗೆ ನನ್ನ ಪರವಾಗಿ ಕಾರ್ಡು ಬರಿ ಮಾರಾಯ್ತಿ, ನಿಂಗೂ ರೂಢಿ ಆಗ್ತದೆ" ಎಂದರು. ವಾರಕ್ಕೊಂದು, 50 ಪೈಸೆಯ ಕಾರ್ಡು. ಅಡಿಕೆಗೆ ಕೊಳೆ ಬಂದದ್ದು, ಗೌರಿ ಕರು ಹಾಕಿದ್ದು, ಮಂಡಿ ನೋವು, ಎಲ್ಲ ಅಷ್ಟೇ ಜಾಗದಲ್ಲಿ ಹಿಡಿಸಬೇಕು. ಜಾಗ ಮುಗಿದರೂ ಅಜ್ಜಿಯ ಮಾತು ಮುಗಿಯುತ್ತಿರಲಿಲ್ಲ. ವಿಳಾಸದ ಪಕ್ಕದ ಖಾಲಿ ಜಾಗಕ್ಕೂ ಕೈ ಹಾಕಿದ್ದೇವೆ. ಪರೀಕ್ಷೆಯಲ್ಲಿ ಪತ್ರದ ಪ್ರಶ್ನೆ ಕಂಡಾಗ ಅವರ ದನಿಯೇ ಕಿವಿಯಲ್ಲಿತ್ತು.

ಪೋಸ್ಟಿಂಗ್ ಎಲ್ಲಿಗೋ ಇನ್ನೂ ತಿಳಿದಿಲ್ಲ. ಇದನ್ನು ಯಾರಾದರೂ ಅಜ್ಜಿಗೆ ಓದಿ ಹೇಳಿ. ಈ ವಾರದ ಕಾರ್ಡು ಬಾಕಿ ಇದೆ ಅಜ್ಜಿ, ನಾಳೆ ಮಧ್ಯಾಹ್ನ ಬರ್ತೇನೆ. ಈ ಸಲ ಎರಡು ಕಾರ್ಡು ತರ್ತೇನೆ.