ಅಕ್ಕ, ಇಲ್ಲಿನ ಹಳೇ ಹೂದಾನಿಗಳ ಬಗ್ಗೆ

ದಿ ಹೇಗ್, ನೆದರ್ಲೆಂಡ್ಸ್

ಪ್ರೀತಿಯ ಅಕ್ಕ,

ನಾವಿಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಈಗ ಹೇಗಿದೆ? ಭಾವ ವರಮಹಾಲಕ್ಷ್ಮಿ ಹಬ್ಬದ ಆರ್ಡರ್‌ಗಳಲ್ಲಿ ಮುಳುಗಿರಬೇಕು, ಅಲ್ವಾ?

ಅಲ್ಲಿಯವರು ಹೂ ಹೇಗೆ ಜೋಡಿಸುತ್ತಾರೆ ನೋಡಿ ಬರಿ ಅಂತ ಫೋನಿನಲ್ಲಿ ಹೇಳಿದ್ದೆಯಲ್ಲ. ಶನಿವಾರ ಇಲ್ಲಿನ ಮೌರಿಟ್ಸ್‌ಹೌಸ್ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ಆಂಬ್ರೋಸಿಯಸ್ ಬೋಸ್ಚಾರ್ಟ್ 1618ರ ಸುಮಾರಿಗೆ ಬರೆದ ಒಂದು ಚಿತ್ರವಿದೆ. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಪಾತ್ರೆ, ಅದರ ಮೇಲೆ ರಾಶಿ ಹೂ. ಪಕ್ಕದಲ್ಲಿ ಎರಡು ಚಿಪ್ಪು. ಒಂದೊಂದು ಹೂವೂ ಪೂರ್ತಿ ಮುಖ ತೋರಿಸಿಕೊಂಡು ಕೂತಿದೆ. ಎಡಕ್ಕೂ ಬಲಕ್ಕೂ ಸರಿಸಮ ತೂಕ. ಅಷ್ಟೆಲ್ಲ ದಂಟು ಆ ಪಾತ್ರೆಯ ಬಾಯಲ್ಲಿ ಹಿಡಿಯೋದೇ ಇಲ್ಲ, ನೀನಾಗಿದ್ದರೆ ಮೊದಲ ನೋಟಕ್ಕೇ ಹೇಳುತ್ತಿದ್ದೆ.

ಇನ್ನೊಂದು ವಿಷಯ ಕೇಳು. ಟುಲಿಪ್ ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಡುತ್ತದೆ. ಗುಲಾಬಿ ಬರೋದು ಜೂನ್‌ಗೆ. ಚಿತ್ರದಲ್ಲಿ ಎರಡೂ ಜೊತೆಗಿವೆ! ಅಂದರೆ ಆ ಹೂದಾನಿ ಯಾರ ಮನೆಯಲ್ಲೂ ಇರಲೇ ಇಲ್ಲ. ಆ ಕಾಲದ ಕಲಾವಿದರು ಯಾವ ಹೂ ಯಾವಾಗ ಬಿಡುತ್ತದೋ ಆಗ ಅದನ್ನು ಬರೆದಿಟ್ಟುಕೊಂಡು, ಆಮೇಲೆ ಒಂದೇ ಕಡೆ ಸೇರಿಸುತ್ತಿದ್ದರು. ಯಾನ್ ವಾನ್ ಹೌಸಮ್ ಅಂತ ಒಬ್ಬನಿದ್ದ. ಹಳದಿ ಗುಲಾಬಿ ಸಿಗಲಿಲ್ಲ, ಅದಕ್ಕೇ ಚಿತ್ರ ಮುಗಿದಿಲ್ಲ ಅಂತ 1742ರಲ್ಲಿ ಗಿರಾಕಿಯ ಕಡೆಯವರಿಗೆ ಪತ್ರ ಬರೆದಿದ್ದ. ಲಂಡನ್ನಿನಲ್ಲಿರುವ ಅವನ ಒಂದು ಚಿತ್ರದ ಮೇಲೆ 1736, 1737 ಅಂತ ಎರಡು ಇಸವಿ ಇದೆ. ರಾತ್ರಿ ಹನ್ನೊಂದಕ್ಕೆ ಹೂ ಇಳಿಸಿಕೊಂಡು ಬೆಳಗಿನ ಮುಹೂರ್ತಕ್ಕೆ ಮಂಟಪ ಮುಗಿಸುವ ನಿನಗೆ ಇದನ್ನು ಹೇಗೆ ಹೇಳಲಿ!

ಇಂಥ ಚಿತ್ರಗಳಲ್ಲಿ ನಮ್ಮ ಚೆಂಡುಹೂವೂ ಕಾಣಿಸುತ್ತದೆ. ಮೆಕ್ಸಿಕೋ ಕಡೆಯಿಂದ ಹಡಗು ಹತ್ತಿ ಬಂದಿದ್ದು. ನಾವು ದಸರಾಕ್ಕೆ ಕೇಜಿಗಟ್ಟಲೆ ತೂಗಿಸಿಕೊಳ್ಳುವ ಹೂವನ್ನು ಆಗ ಇಲ್ಲಿಯವರು ಅಪರೂಪದ ಹೂ ಅಂತ ಬೆಳೆಸುತ್ತಿದ್ದರು.

ನನಗೆ ಜಾಸ್ತಿ ಇಷ್ಟವಾಗಿದ್ದು ರೇಚಲ್ ರೌಶ್ ಎಂಬ ಹೆಂಗಸು 1700ರಲ್ಲಿ ಬರೆದ ಚಿತ್ರ. ಅಪ್ಪ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್. ಹದಿನೈದನೇ ವಯಸ್ಸಿಗೆ ವಿಲ್ಲೆಮ್ ವಾನ್ ಆಲ್ಸ್ಟ್ ಎಂಬ ಚಿತ್ರಕಾರನ ಹತ್ತಿರ ಕಲಿಯಲು ಹೋದಳು. ಹತ್ತು ಮಕ್ಕಳನ್ನು ಹೆತ್ತಳು. ಎಂಬತ್ತು ದಾಟಿದ ಮೇಲೂ ಬ್ರಷ್ ಬಿಡಲಿಲ್ಲ. ಈ ಗುರು ಶಿಷ್ಯೆಯ ಕೈಯಲ್ಲಿ ಹೂದಾನಿಯ ಆಕಾರವೇ ಬದಲಾಯಿತು. ಸರಿಸಮ ತೂಕ ಹೋಯಿತು. ಹೂಗಳು ಒಂದು ಮೂಲೆಯಿಂದ ಇನ್ನೊಂದಕ್ಕೆ ಓರೆಯಾಗಿ ಬಳುಕಿದವು, ದಂಟುಗಳು ಜೋತುಬಿದ್ದವು. ಅವಳು ಕೆಲವು ಹೂವಿನ ಬೆನ್ನನ್ನೂ ತೋರಿಸುತ್ತಾಳೆ. ತೊಟ್ಟು, ಅದರ ಹಸಿರು, ಎಸಳು ಮಡಚಿಕೊಂಡ ಜಾಗ, ಎಲ್ಲವೂ ಬೆಳಕಿಗೆ ತಿರುಗಿವೆ. ಅದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ.

ಆಮೇಲೆ ಈ ಹೂದಾನಿ ಚಿತ್ರಗಳ ಶೈಲಿ ಇಂಗ್ಲೆಂಡಿಗೂ, ಅಲ್ಲಿಂದ ಅಮೆರಿಕಕ್ಕೂ ಹೋಯಿತು. 1730ರಲ್ಲಿ ಲಂಡನ್ನಿನ ರಾಬರ್ಟ್ ಫರ್ಬರ್ ಎಂಬ ನರ್ಸರಿಯವನು ತಿಂಗಳಿಗೊಂದರಂತೆ ಹನ್ನೆರಡು ಹೂದಾನಿಗಳ ಚಿತ್ರ ಅಚ್ಚು ಹಾಕಿಸಿದ. ಒಟ್ಟು 400ಕ್ಕೂ ಹೆಚ್ಚು ಹೂ, ಪ್ರತಿಯೊಂದಕ್ಕೂ ನಂಬರ್, ಕೆಳಗೆ ಹೆಸರು. ನೋಡಿ ಬೀಜಕ್ಕೆ ಆರ್ಡರ್ ಕೊಡಬಹುದು. ವರ್ಜೀನಿಯಾದ ಹಳೇ ರಾಜಧಾನಿ ವಿಲಿಯಮ್ಸ್‌ಬರ್ಗ್‌ನಲ್ಲಿ ಆ ಕಾಲದ ಮನೆಗಳನ್ನು ಉಳಿಸಿಕೊಂಡಿದ್ದಾರೆ. ಅಲ್ಲಿ ಹೂ ಜೋಡಿಸುವವರು ಇವತ್ತಿಗೂ ಆ ಚಿತ್ರಗಳನ್ನು ನೋಡಿಯೇ ಜೋಡಿಸುತ್ತಾರಂತೆ.

ಫೋಟೋ ವಾಟ್ಸಾಪ್‌ನಲ್ಲಿ ಹಾಕಿದ್ದೇನೆ, ದೊಡ್ಡದು ಮಾಡಿ ನೋಡು. ಮುಂದಿನ ರಿಸೆಪ್ಷನ್‌ಗೆ ಸ್ಟೇಜಿನ ಪಕ್ಕ ಇಡುವ ಕುಂಡದಲ್ಲಿ ಎರಡು ಗುಲಾಬಿಯನ್ನು ಬೆನ್ನು ತಿರುಗಿಸಿ ಚುಚ್ಚಿ ನೋಡ್ತೀಯಾ? ಭಾವ ಬೇಡ ಅನ್ನಬಹುದು. ಆದರೂ ಒಂದು ಸಲ ಇಟ್ಟು ನನಗೆ ಫೋಟೋ ಕಳಿಸು.

ಅಮ್ಮನಿಗೆ, ಭಾವನಿಗೆ ನಮಸ್ಕಾರ ತಿಳಿಸು. ಪುಟ್ಟಿಗೆ ಮುತ್ತು.

ನಿನ್ನ ತಂಗಿ