ಆ ಐದು ಚೆಕ್ ಹಾಳೆಗಳ ವಿಚಾರ

ಮೈಸೂರು

ಚಿ. ಸೌ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಬಂತು. ಮನೆ ಸುದ್ದಿಯೆಲ್ಲ ನಿನ್ನಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಅದನ್ನು ಬಿಡುತ್ತೇನೆ. ನಿಮ್ಮ ರೋಟರಿ ಕ್ಲಬ್ಬು ಗ್ರ್ಯಾಂಟ್ ಹಣದಲ್ಲಿ ತರಿಸುವ ಡಯಾಲಿಸಿಸ್ ಯಂತ್ರಗಳು, ಉದ್ಘಾಟನೆಗೆ ಯಾರನ್ನು ಕರೆಯೋದು, ಎಲ್ಲ ಸಂತೋಷದಿಂದ ಬರೆದಿದ್ದೀಯ. ಆದರೆ ಮೂರನೇ ಪುಟದ ಕೊನೆಯಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ‘ಮಕ್ಕಳ ರಜೆಗೆ ಹೊರಟಿದ್ದೆ, ಗ್ರ್ಯಾಂಟ್ ಖಾತೆಯ ಐದು ಚೆಕ್ಕಿಗೆ ಸಹಿ ಹಾಕಿ ಅಧ್ಯಕ್ಷರ ಕೈಲಿ ಕೊಟ್ಟು ಬಂದೆ. ಸರಿ ಮಾಡಿದೆನೋ ಇಲ್ಲವೋ ಅಂತ ಒಂದೊಂದು ಸಲ ಅನ್ನಿಸುತ್ತೆ.’

ಮಧ್ಯಾಹ್ನ ಓದಿ ಕಾಗದ ಮಡಿಸಿಟ್ಟೆ. ರಾತ್ರಿ ಮತ್ತೆ ಎದ್ದು ಅದೇ ಸಾಲು ಓದಿದೆ. ದೀಪ ಆರಿಸು ಅಂತ ನಿಮ್ಮ ಮಾವ ಎರಡು ಸಲ ಹೇಳಿದರು. ಏನಾಯ್ತು ಅಂತ ಕೇಳಲಿಲ್ಲ. ಬಹುಶಃ ಅವರಿಗೆ ಗೊತ್ತಾಯಿತು.

ಅಧ್ಯಕ್ಷರು ಒಳ್ಳೆಯವರು ಅಂತ ಬರೆದಿದ್ದೀಯ. ಇರಬಹುದು ಪುಟ್ಟಿ, ನಾನು ಅವರ ವಿಷಯ ಮಾತಾಡುತ್ತಿಲ್ಲ. ಸಹಿ ಮಾಡಿದ ಖಾಲಿ ಹಾಳೆಯ ವಿಷಯ ಮಾತಾಡುತ್ತಿದ್ದೇನೆ. ‘ಕೊಡೋದಿಲ್ಲ ಅಂದರೆ ಅನುಮಾನ ಪಟ್ಟ ಹಾಗಾಗುತ್ತೆ’ ಅಂತಲೂ ಬರೆದಿದ್ದೀಯಲ್ಲ, ಅದನ್ನು ಓದಿದಾಗ ನನಗೆ ನನ್ನದೇ ಮಾತು ಕೇಳಿಸಿದ ಹಾಗಾಯಿತು.

ನಾನು ಕ್ಲಬ್ ಸೇರಿದ್ದು 1994ರಲ್ಲಿ. ರೋಟರಿ ಹೆಂಗಸರನ್ನು ಸದಸ್ಯರಾಗಿ ಒಪ್ಪಿಕೊಂಡಿದ್ದೇ 1989ರಲ್ಲಿ, ಅಲ್ಲಿಯವರೆಗೆ ನಾವು ಗಂಡನ ಜೊತೆ ಊಟಕ್ಕೆ ಬರುವ ‘ಆನ್ಸ್’. ಅಷ್ಟೊಂದು ಗಂಡಸರ ನಡುವೆ ನಾನೊಬ್ಬಳೇ. ಮೂರನೇ ವರ್ಷಕ್ಕೆ ಟೀಚರಮ್ಮ ಲೆಕ್ಕದಲ್ಲಿ ಪಕ್ಕಾ ಅಂತ ಖಜಾಂಚಿ ಮಾಡಿದರು. ಎಷ್ಟು ಹೆಮ್ಮೆ ಪಟ್ಟಿದ್ದೆ! ಆಗ ನಿಮ್ಮ ಗ್ಲೋಬಲ್ ಗ್ರ್ಯಾಂಟ್ ಇರಲಿಲ್ಲ, ಅದು ಬಂದದ್ದು 2013ರಲ್ಲಿ. ನಮ್ಮದು ಮ್ಯಾಚಿಂಗ್ ಗ್ರ್ಯಾಂಟ್. ನಾವೊಂದಿಷ್ಟು, ಕೆನಡಾದ ಒಂದು ಕ್ಲಬ್ಬಿನವರು ಒಂದಿಷ್ಟು ಹಾಕಿದರೆ ಅದಕ್ಕೆ ರೋಟರಿಯದೇ ದತ್ತಿ ಸಂಸ್ಥೆ, ಫೌಂಡೇಷನ್, ತನ್ನ ಪಾಲು ಸೇರಿಸುತ್ತಿತ್ತು. ಪಕ್ಕದ ಹಳ್ಳಿಯ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ನಾಲ್ಕು ಶೌಚಾಲಯ, ಒಂದು ನೀರಿನ ತೊಟ್ಟಿ. ಅಷ್ಟೇ ಕೆಲಸ.

ಅದೇ ಹೊತ್ತಿಗೆ ನಮ್ಮ ಅತ್ತೆಯವರ ಸೊಂಟದ ಆಪರೇಷನ್ ಆಗಿ ನಾನು ಎರಡು ತಿಂಗಳು ಬೆಂಗಳೂರಿಗೆ ಹೋಗಬೇಕಾಯಿತು. ಹೊರಡುವ ದಿನ ಅಧ್ಯಕ್ಷರು ಬಸ್ ಸ್ಟ್ಯಾಂಡಿಗೇ ಚೆಕ್ ಪುಸ್ತಕ ತಂದರು. ಹೆಸರು, ಮೊತ್ತ ಬರೆದುಕೊಡಿ, ಸಹಿ ಹಾಕುತ್ತೇನೆ ಅಂದೆ. ‘ಏನ್ ಮೇಡಂ, ನಂಬಿಕೆ ಇಲ್ವಾ?’ ಅಂತ ನಗುತ್ತಲೇ ಕೇಳಿದರು. ಅವರ ಜೊತೆ ಬಂದಿದ್ದ ಇಬ್ಬರೂ ನಕ್ಕರು. ಅವರ ಕಾರಿನ ಬಾನೆಟ್ ಮೇಲೆ ಪುಸ್ತಕ ಇಟ್ಟುಕೊಂಡು ಆರು ಹಾಳೆಗೆ ಸಹಿ ಹಾಕಿದೆ. ಬಾನೆಟ್ ಬಿಸಿಯಿತ್ತು, ಅಂಗೈ ಸುಡುತ್ತಿತ್ತು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಈಗಲೂ ಯಾವುದಾದರೂ ಕಾಗದಕ್ಕೆ ಸಹಿ ಮಾಡುವಾಗ ಆ ಬಿಸಿ ಕೈಗೆ ನೆನಪಾಗುತ್ತದೆ.

ಯಾರೂ ಆ ಹಣ ತಿನ್ನಲಿಲ್ಲ. ಇದನ್ನು ನೀನು ಸರಿಯಾಗಿ ತಿಳಿದುಕೊಳ್ಳಬೇಕು. ಕೆಲಸ ಬೇಗ ಆಗಲಿ ಅಂತ ಎರಡು ಚೆಕ್ಕಿನಲ್ಲಿ ಪೂರ್ತಿ ಮೊತ್ತ ಕಂಟ್ರಾಕ್ಟರನಿಗೆ ಮೊದಲೇ ಕೊಟ್ಟಿದ್ದರು. ಅವನು ಅಧ್ಯಕ್ಷರ ಭಾವಮೈದುನ. ಕೊಟೇಶನ್ ಇನ್ನೊಬ್ಬರಿಂದ ಕೇಳಿರಲಿಲ್ಲ. ಮಳೆ ಹಿಡಿಯಿತು, ಅವನು ಆ ದುಡ್ಡನ್ನು ಬೇರೆ ಕೆಲಸಕ್ಕೆ ಹಾಕಿಕೊಂಡ. ಇನ್ನೊಂದು ಚೆಕ್ಕು ರೋಟರಿ ಜಿಲ್ಲೆಯ ಗವರ್ನರ್ ಭೇಟಿಯ ಊಟಕ್ಕೆ, ಶಾಮಿಯಾನಕ್ಕೆ ಹೋಗಿತ್ತು, ‘ಆಮೇಲೆ ಹಾಕೋಣ’ ಅಂತ. ನಾನು ವಾಪಸ್ ಬಂದು ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಉಳಿದದ್ದು ಮುನ್ನೂರ ಚಿಲ್ಲರೆ.

ಮರುದಿನ ಶಾಲೆಗೆ ಹೋದೆ. ಗೋಡೆ ಎದ್ದಿತ್ತು, ಬಾಗಿಲಿರಲಿಲ್ಲ. ಒಳಗೆ ಒಬ್ಬಳು ಹೋಗಿದ್ದಳು. ಹೊರಗೆ ಅವಳ ಗೆಳತಿ ಗೊಬ್ಬರದ ಚೀಲ ಬಿಡಿಸಿ ಎರಡೂ ಕೈ ಅಗಲಿಸಿ ಅಡ್ಡ ಹಿಡಿದುಕೊಂಡು, ನಮ್ಮ ಕಡೆ ಮುಖ ಮಾಡಿ ನಿಂತಿದ್ದಳು. ಚೀಲ ಗಿಡ್ಡ. ಕಾಲು ಮುಚ್ಚಿದರೆ ಮೇಲೆ ಸಾಲದು, ಮೇಲೆ ಹಿಡಿದರೆ ಕೆಳಗೆ ಸಾಲದು. ಅದನ್ನು ಮೇಲೆ ಕೆಳಗೆ ಮಾಡುತ್ತಾ ನನ್ನನ್ನೇ ನೋಡುತ್ತಿದ್ದಳು. ‘ನಮಸ್ತೆ ಮಿಸ್’ ಅಂದಳು.

ನಾನು ಮಾಡಿದ ನಿಜವಾದ ತಪ್ಪು ಅದರ ನಂತರದ್ದು. ಕೆನಡಾದವರು ಕಾಗದ ಬರೆದಿದ್ದರು, ಎಷ್ಟು ಮಕ್ಕಳು ಉಪಯೋಗಿಸುತ್ತಿದ್ದಾರೆ ಅಂತ. ಕೆಲಸ ಮುಗಿಯುವ ಹಂತದಲ್ಲಿದೆ ಅಂತ ಬರೆದೆ. ನನ್ನ ಕೈಯಾರೆ ಬರೆದು ಅಂಚೆಗೆ ಹಾಕಿದೆ. ನನ್ನ ಸಹಿಯ ಚೆಕ್ಕುಗಳಲ್ಲಿ ಹಣ ಹೋಗಿತ್ತಲ್ಲ, ನಿಜ ಬರೆಯಬೇಕೆಂದರೆ ಮೊದಲು ಅದನ್ನು ಬರೆಯಬೇಕಿತ್ತು. ಹದಿನಾಲ್ಕು ತಿಂಗಳಾದ ಮೇಲೆ ನಿಮ್ಮ ಮಾವ ಪಿ.ಎಫ್. ಸಾಲ ತೆಗೆದು ಬಾಗಿಲು ಹಾಕಿಸಿದರು. ಇದು ನಿನ್ನಪ್ಪನಿಗೂ ಗೊತ್ತಿಲ್ಲ. ಅಷ್ಟರಲ್ಲಿ ಚೀಲ ಹಿಡಿದಿದ್ದ ಹುಡುಗಿ ಏಳನೇ ಕ್ಲಾಸು ಮುಗಿಸಿ ಹೋಗಿಯಾಗಿತ್ತು.

ಹಾಗಾಗಿ ಪುಟ್ಟಿ, ಆ ಐದು ಹಾಳೆ. ಬೇರೇನು ಬರೆಯಹೊರಟರೂ ಅಲ್ಲಿಗೇ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಮ್ಮ ಪಕ್ಕದ ಬೀದಿಯ ವಕೀಲರನ್ನು ನಿನ್ನ ಹೆಸರು ಹೇಳದೆ ಕೇಳಿದೆ. ಸಹಿ ಮಾಡಿ ಖಾಲಿ ಕೊಟ್ಟರೆ, ಅದನ್ನು ತುಂಬಿಕೊಳ್ಳುವ ಅಧಿಕಾರವನ್ನೂ ಕೊಟ್ಟ ಹಾಗೇ ಅಂತ ಚೆಕ್ಕು, ಹುಂಡಿಗಳ 1881ರ ಕಾಯಿದೆಯಲ್ಲೇ ಇದೆಯಂತೆ. ಇನ್ನೊಂದು ಮಾತು ಹೇಳಿದರು. ಚೆಕ್ಕಿನ ಆಯುಸ್ಸು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು. ನೀನು ತಾರೀಖು ಬರೆದಿಲ್ಲ. ಅಂದರೆ ಅದು ಹಳೆಯದಾಗುವುದೇ ಇಲ್ಲ, ಯಾರ ಡ್ರಾಯರಿನಲ್ಲಿದ್ದರೂ ಅವರು ಬರೆದ ದಿನವೇ ಹೊಸದು. ಆ ಮಾತು ಕೇಳಿ ಮನೆಗೆ ಬಂದವಳು ಅಡಿಗೆಗೆ ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಾಗಲಿಲ್ಲ.

ಗ್ರ್ಯಾಂಟ್ ಕೈಗೆ ಬರುವ ಮೊದಲು ನಿಮ್ಮ ಅಧ್ಯಕ್ಷರೂ ಮುಂದಿನ ವರ್ಷದ ಅಧ್ಯಕ್ಷರೂ ಒಂದು ಒಪ್ಪಂದಕ್ಕೆ ಸಹಿ ಹಾಕಿರುತ್ತಾರೆ. ಹಣ ಬೇರೆ ಖಾತೆಯಲ್ಲೇ ಇರಬೇಕು, ಇಬ್ಬರು ರೊಟೇರಿಯನ್ನರ ಸಹಿ ಬೇಕು ಅಂತ ಅದರಲ್ಲಿ ಬರೆದಿದೆ. ಪ್ರತಿ ಖರ್ಚನ್ನೂ ಇಬ್ಬರು ನೋಡಲಿ ಅಂತ ತಾನೇ ಅದು? ನೀನು ಖಾಲಿ ಹಾಳೆಗೆ ಸಹಿ ಹಾಕಿದ ಮೇಲೆ ನೋಡುವವರು ಒಬ್ಬರೇ ಉಳಿದರು. ಎರಡನೆಯವಳು ನೀನು, ರಜೆಯಲ್ಲಿದ್ದೆ.

ಏನು ಮಾಡಬೇಕು ಅಂತ ಹೇಳಲು ನನಗೆಷ್ಟು ಯೋಗ್ಯತೆಯಿದೆಯೋ ಗೊತ್ತಿಲ್ಲ. ಆದರೂ ಬರೆಯುತ್ತೇನೆ. ಊರಿಗೆ ಹೋದ ದಿನವೇ ಅಧ್ಯಕ್ಷರ ಮನೆಗೆ ಹೋಗಿ ಹಾಳೆಗಳನ್ನು ವಾಪಸ್ ಕೇಳು. ನಿಮ್ಮ ಮೇಲೆ ಅನುಮಾನ ಅಂತಲ್ಲ, ನಾನೇ ನಿಯಮ ತಪ್ಪಿದೆ ಅಂತ ಹೇಳು. ಅದು ನಿಜವೂ ಹೌದು. ಉಪಯೋಗಿಸಿಬಿಟ್ಟಿದ್ದರೆ ಯಾರಿಗೆ, ಎಷ್ಟು ಅಂತ ಬಿಲ್ ಸಮೇತ ನೋಡು. ಒಂದು ಹಾಳೆ ಸಿಗಲಿಲ್ಲ ಅಂದರೂ ಆ ನಂಬರ್ ಬರೆದು ಹಣ ಕೊಡಬೇಡಿ ಅಂತ ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಕೊಡು, ನಾಳೆಗೆ ಬಿಡಬೇಡ.

ಈಗ ನೆಟ್ ಬ್ಯಾಂಕಿಂಗಿನಲ್ಲಿ ಒಬ್ಬರು ನಮೂದಿಸಿ ಇನ್ನೊಬ್ಬರು ಒಪ್ಪಿಗೆ ಕೊಡುವ ವ್ಯವಸ್ಥೆ ಇದೆಯಂತಲ್ಲ, ಎಲ್ಲಿದ್ದರೂ ಫೋನಿನಲ್ಲೇ ಮಾಡಬಹುದಂತೆ. ನನಗೆ ಅದರ ಅನುಭವ ಇಲ್ಲ, ನೀನೇ ವಿಚಾರಿಸು. ಯಂತ್ರ ಕೊಡುವವನು ಹಿಂದಿನ ಅಧ್ಯಕ್ಷರೊಬ್ಬರ ಸಂಬಂಧಿ ಅಂತ ಎರಡನೇ ಪುಟದಲ್ಲಿ ಬರೆದಿದ್ದೀಯ. ಸಂಬಂಧಿಯಿಂದ ಕೊಳ್ಳಲೇಬಾರದು ಅಂತಲ್ಲ, ಅದನ್ನು ಫೌಂಡೇಷನ್ನಿಗೆ ಮೊದಲೇ ತಿಳಿಸಬೇಕು, ಬೇರೆಯವರ ಕೊಟೇಶನ್ನೂ ಫೈಲಿನಲ್ಲಿರಬೇಕು. ಖಾತೆಗೆ ಬಂದ ಬಡ್ಡಿಯೂ ಯೋಜನೆಯದ್ದೇ, ಅದನ್ನೂ ಲೆಕ್ಕದಲ್ಲಿ ತೋರಿಸು. ಕಾಗದಪತ್ರವನ್ನು ಕಡಿಮೆಯೆಂದರೂ ಐದು ವರ್ಷ ಇಡಬೇಕು, ಒಂದು ಪ್ರತಿ ನಿನ್ನ ಮನೆಯಲ್ಲೇ ಇರಲಿ. ಇವೆಲ್ಲ ನಿನಗೆ ಸೆಮಿನಾರಿನಲ್ಲಿ ಹೇಳಿಯೇ ಇರುತ್ತಾರೆ. ನನಗೂ ಹೇಳಿದ್ದರು.

ಆ ಸೆಮಿನಾರುಗಳಲ್ಲಿ ಒಂದು ಕಥೆ ತಪ್ಪದೆ ಹೇಳುತ್ತಿದ್ದರು, ನೀನೂ ಕೇಳಿರಬಹುದು. 1917ರಲ್ಲಿ ಆಗಿನ ರೋಟರಿ ಅಧ್ಯಕ್ಷರು, ಆರ್ಚ್ ಕ್ಲಂಫ್ ಅನ್ನುವವರು, ಲೋಕಕ್ಕೆ ಒಳಿತು ಮಾಡಲು ಒಂದು ನಿಧಿ ಬೇಕು ಅಂದಾಗ ಕ್ಯಾನ್ಸಸ್ ಸಿಟಿಯ ಕ್ಲಬ್ಬಿನಿಂದ ಬಂದ ಮೊದಲ ಕಾಣಿಕೆ 26 ಡಾಲರ್ 50 ಸೆಂಟ್ಸ್. ಎಲ್ಲರೂ ಇಪ್ಪತ್ತಾರು ಡಾಲರಿಗೆ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಮನಸ್ಸು ಮಾತ್ರ ಆ ಐವತ್ತು ಸೆಂಟಿನ ಮೇಲೇ ನಿಲ್ಲುತ್ತಿತ್ತು. ಯಾರೋ ಒಬ್ಬ ಖಜಾಂಚಿ ಅದನ್ನೂ ಬಿಡದೆ ಬರೆದಿಟ್ಟಿದ್ದಾನೆ, ನೂರು ವರ್ಷ ದಾಟಿದರೂ ನಮಗೆ ಗೊತ್ತಿದೆ.

ನಮ್ಮ ಮನೆಗೆ ಹಾಲು ಹಾಕುವವನ ಅಣ್ಣ ವಾರಕ್ಕೆರಡು ಸಲ ಬೆಳಗಿನ ಐದೂವರೆ ಬಸ್ಸಿಗೆ ಡಯಾಲಿಸಿಸ್‌ಗೆ ಹೋಗುತ್ತಾನೆ, ಕೈಯಲ್ಲಿ ಸಣ್ಣ ಟಿಫಿನ್ ಡಬ್ಬಿ ಹಿಡಿದು. ನಿಮ್ಮ ತಾಲ್ಲೂಕಿನಲ್ಲೂ ಅಂಥವರು ಕಾಯುತ್ತಿರುತ್ತಾರೆ. ಅವರಿಗೆ ಕ್ಲಬ್ಬಿನ ಹೆಸರೂ ಗೊತ್ತಿರುವುದಿಲ್ಲ.

ನನ್ನ ಆರು ಹಾಳೆಯಲ್ಲಿ ವಾಪಸ್ ಸಿಕ್ಕಿದ್ದು ಒಂದೇ. ಅದನ್ನು ಹರಿಯಲಿಲ್ಲ, ಅಡ್ಡ ಗೆರೆ ಎಳೆದು ರದ್ದು ಅಂತ ಬರೆದು ಟ್ರಂಕಿನಲ್ಲಿಟ್ಟಿದ್ದೇನೆ. ಇನ್ನೆರಡು ಎಲ್ಲಿ ಹೋದವೋ ಇವತ್ತಿಗೂ ಗೊತ್ತಿಲ್ಲ. ಖಾತೆ ಮುಚ್ಚುವವರೆಗೂ ಪೋಸ್ಟ್‌ಮ್ಯಾನ್ ಬಂದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು.

ಐದೂ ನಿನ್ನ ಕೈಗೆ ಬಂದ ದಿನ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಸರಿ. ಒಂದೊಂದೇ ನಂಬರ್ ಓದಿ ಹೇಳು, ನಾನು ಬರೆದುಕೊಳ್ಳುತ್ತೇನೆ.

ನಿನ್ನ ಅತ್ತೆ