ಟೊಲೆಡೊದಿಂದ ಚಿಕ್ಕಪ್ಪನಿಗೊಂದು ಕಾಗದ

ಟೊಲೆಡೊ, ಒಹಾಯೊ, ಅಮೆರಿಕ
8 ಫೆಬ್ರವರಿ

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ರೋಬಸ್ಟಾ ಕಾಫಿ ಕುಯ್ಲು ಮುಗಿಯುತ್ತ ಬಂತೆಂದು ಚಿಕ್ಕಮ್ಮ ಹೇಳಿದರು. “ನಮ್ಮಲ್ಲಿ ಚೆನ್ನಾಗಿ ಹಾಕಿ ಆಡಿದವನಿಗೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಸೇನೆಯಲ್ಲೋ ಒಂದು ಕೆಲಸ ಸಿಗುತ್ತದೆ. ಅಲ್ಲಿನ ಐಸ್ ಹಾಕಿ ಹುಡುಗರಿಗೆ ಏನುಂಟು?” ಎಂದು ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಂಥ ಕೆಲಸ ಇಲ್ಲಿಲ್ಲ. ಆಟವೇ ಕೆಲಸ, ಅದೂ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಈ ಊರಿನ ತಂಡ ವಾಲೈ. ಈರಿ ಸರೋವರದ ಒಂದು ಮೀನಿನ ಹೆಸರದು. ಇದು ಆಡುವ ಇಸಿಎಚ್‌ಎಲ್ ಎಂಬ ಲೀಗ್ ವೃತ್ತಿಪರ ಐಸ್ ಹಾಕಿಯಲ್ಲಿ ಮೇಲಿನಿಂದ ಮೂರನೇ ಮೆಟ್ಟಿಲು. ಇದರ ಮೇಲೆ ಎಎಚ್‌ಎಲ್, ಅಲ್ಲಿ ನಮಗೆ ಸಂಬಂಧಪಟ್ಟ ತಂಡ ಗ್ರಾಂಡ್ ರಾಪಿಡ್ಸ್‌ನದು. ಎಲ್ಲಕ್ಕೂ ಮೇಲೆ ಎನ್‌ಎಚ್‌ಎಲ್, ಅಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್. ಇಲ್ಲಿಂದ ಡೆಟ್ರಾಯಿಟ್‌ಗೆ ನೂರು ಕಿಲೋಮೀಟರ್, ಬೆಂಗಳೂರಿನಿಂದ ಮಂಡ್ಯಕ್ಕೆ ಇದ್ದಷ್ಟು. ಇಲ್ಲಿ ಆಡುವ ಹೆಚ್ಚಿನವರು ಆ ದೂರವನ್ನು ಆಟಗಾರರಾಗಿ ಒಮ್ಮೆಯೂ ದಾಟುವುದಿಲ್ಲ.

ದುಡ್ಡಿನ ಅಂತರ ಇನ್ನೂ ದೊಡ್ಡದು. 2024-25ರಲ್ಲಿ ಎನ್‌ಎಚ್‌ಎಲ್‌ನ ಕನಿಷ್ಠ ಸಂಬಳ ವರ್ಷಕ್ಕೆ 7,75,000 ಡಾಲರ್. ಇಲ್ಲಿ ಹೊಸಬನಿಗೆ ವಾರಕ್ಕೆ ಕೆಲವು ನೂರು ಡಾಲರ್. ಇರುವುದಕ್ಕೆ ಮನೆ ತಂಡದ್ದೇ, ಸ್ಕೇಟ್ಸ್, ಸ್ಟಿಕ್ ಕೂಡ ತಂಡದ್ದೇ. ಬೇಸಿಗೆಯಲ್ಲಿ ಸಂಬಳವಿಲ್ಲ. ಆಗ ಮಕ್ಕಳ ಹಾಕಿ ಶಿಬಿರದಲ್ಲಿ ಕಲಿಸುತ್ತಾರೆ, ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಕಾಂಟ್ರಾಕ್ಟ್ ಇದೆಯೆಂದರೆ ಸೀಸನ್ ಪೂರ್ತಿ ನಿಶ್ಚಿಂತೆ ಎಂದೂ ಅಲ್ಲ. ತಂಡ ಬೇಡವೆಂದ ದಿನ ಸಂಬಳದ ಜೊತೆಗೆ ಮನೆಯೂ ಹೋಯಿತು. ಹೆಂಡತಿ ಮಕ್ಕಳಿದ್ದವನಿಗೆ ಇದು ಎಂಥ ಏಟು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಒಂದು ಸೀಸನ್‌ಗೆ 72 ಪಂದ್ಯ. ಜನ ಬರುವುದು ವಾರಾಂತ್ಯದಲ್ಲಾದ್ದರಿಂದ ಎಷ್ಟೋ ವಾರ ಶುಕ್ರವಾರ, ಶನಿವಾರ, ಭಾನುವಾರ ಸಾಲಾಗಿ ಮೂರು ಪಂದ್ಯ, ನಡುವೆ ರಾತ್ರಿ ಬಸ್ಸು. ಒಬ್ಬ ಒಂದು ಸಲ ಐಸ್ ಮೇಲೆ ಇರುವುದು ಸುಮಾರು 45 ಸೆಕೆಂಡು, ಪೂರ್ತಿ ಬಲದಿಂದ. ಆಮೇಲೆ ಬೆಂಚಿಗೆ ಬಂದು ಇನ್ನೊಬ್ಬನಿಗೆ ಜಾಗ ಬಿಡುತ್ತಾನೆ. ಮೂರನೇ ದಿನ ಕಾಲು ಸೋತವನು ಆ ಹೊತ್ತಿಗೆ ಸರಿಯಾಗಿ ಬೆಂಚಿಗೆ ಮರಳಲಾರ, ಒಂದು ನಿಮಿಷ ದಾಟಿಸುತ್ತಾನೆ. ಗೋಲು ಬೀಳುವುದೂ, ತೊಡೆಸಂದಿನ ಸ್ನಾಯು ಹರಿಯುವುದೂ ಎಷ್ಟೋ ಸಲ ಆ ಕೊನೆಯ ಸೆಕೆಂಡುಗಳಲ್ಲೇ.

ಸ್ಕೇಟ್‌ನ ವಿಚಾರ ನಿಮಗೆ ಹಿಡಿಸಬಹುದು. ಅದರ ಅಲಗು ಚಾಕುವಿನಂತೆ ಒಂದೇ ಅಂಚಿನದಲ್ಲ. ಅಡಿಯಲ್ಲಿ ಉದ್ದಕ್ಕೂ ಒಂದು ಹಳ್ಳ, ಎರಡೂ ಬದಿಗೆ ಒಂದೊಂದು ಅಂಚು. ಸಾಮಾನ್ಯವಾಗಿ ಆ ಹಳ್ಳದ ದುಂಡನ್ನು ಅರ್ಧ ಇಂಚಿನ ತ್ರಿಜ್ಯಕ್ಕೆ ಹಿಡಿಯುತ್ತಾರೆ. ತ್ರಿಜ್ಯ ಕಮ್ಮಿಯಾದಷ್ಟೂ ಹಳ್ಳ ಆಳ: ತಿರುವಿನಲ್ಲಿ ಹಿಡಿತ ಚೆನ್ನ, ಆದರೆ ಜಾರುವ ವೇಗ ಕುಗ್ಗಿ ತೊಡೆ ಬೇಗ ದಣಿಯುತ್ತದೆ. ಭಾರದ ಆಳು ಐದು ಎಂಟಾಂಶ ಇಂಚು ಕೇಳುತ್ತಾನೆ. ರಾತ್ರಿ ಸಂಗೀತ ಕಛೇರಿ, ಮರುದಿನ ಪಂದ್ಯ ನಡೆಯುವ ಸಭಾಂಗಣದಲ್ಲಿ ಐಸ್ ಮೆತ್ತಗಿರುತ್ತದೆ, ಅಲ್ಲಿ ಆಳದ ಅಂಚು ಹೂತುಕೊಳ್ಳುತ್ತದೆ. ಅಲಗು ಕಾಂಕ್ರೀಟಿಗೆ ಒಮ್ಮೆ ತಾಗಿದರೂ ಸಾಕು, ಅಂಚು ಮುಕ್ಕಾಗಿ ತಿರುವಿನಲ್ಲಿ ಕಾಲು ಜಾರುತ್ತದೆ. ತಂಡದಲ್ಲಿ ನನಗೆ ಅತಿ ಗೌರವ ಇರುವುದು ಸಲಕರಣೆ ನೋಡಿಕೊಳ್ಳುವವನ ಮೇಲೆ. ಇಪ್ಪತ್ತು ಜನರ ಇಪ್ಪತ್ತು ಅಳತೆ ಅವನ ಕೈಗೆ ಗೊತ್ತು.

ಇನ್ನು ಮೇಲಿನಿಂದ ಬರುವ ಕರೆ. ಗ್ರಾಂಡ್ ರಾಪಿಡ್ಸ್‌ನಲ್ಲಿ ಒಬ್ಬನಿಗೆ ಪೆಟ್ಟಾದರೆ ಇಲ್ಲಿಂದ ಒಬ್ಬ ಚೀಲ, ಸ್ಟಿಕ್ ಕಾರಿಗೆ ಹಾಕಿಕೊಂಡು ಹೊರಡುತ್ತಾನೆ. ಸಾಮಾನ್ಯವಾಗಿ ಅದು 25 ಪಂದ್ಯಗಳ ಮಿತಿಯ ಪರೀಕ್ಷಾ ಒಪ್ಪಂದ. ಅಷ್ಟು ದಿನ ಮೇಲಿನ ದರದ ಸಂಬಳ. ಆದರೆ ಎಷ್ಟೋ ಸಲ ಆಡಿಸದೆ ಗ್ಯಾಲರಿಯಲ್ಲೇ ಕೂರಿಸುತ್ತಾರೆ. ಎರಡು ವಾರದ ಮೇಲೆ ಮರಳಿ ಬಂದರೆ ಲಯ ತಪ್ಪಿರುತ್ತದೆ, ಅವನ ಜಾಗದಲ್ಲಿ ಇನ್ನೊಬ್ಬ ಊರಿಕೊಂಡಿರುತ್ತಾನೆ.

ಆದರೆ ಚಿಕ್ಕಪ್ಪ, ಎಷ್ಟೋ ಮಂದಿಯ ಆಟ ನಿಲ್ಲಿಸುವುದು ಪೆಟ್ಟೂ ಅಲ್ಲ, ವಯಸ್ಸೂ ಅಲ್ಲ. 260 ಎಂಬ ಒಂದು ಸಂಖ್ಯೆ. ಸೀಸನ್ ಶುರುವಾಗುವಾಗ ಅಷ್ಟು ವೃತ್ತಿಪರ ಪಂದ್ಯ ಆಡಿ ಮುಗಿಸಿದವನು ಇಸಿಎಚ್‌ಎಲ್‌ನಲ್ಲಿ ‘ವೆಟರನ್’. ಒಂದು ತಂಡಕ್ಕೆ ಅಂಥವರು ನಾಲ್ಕೇ ಮಂದಿ. ಗೋಲ್‌ಕೀಪರಿಗೆ ಮಾತ್ರ ಈ ಲೆಕ್ಕ ಇಲ್ಲ. ಎಎಚ್‌ಎಲ್‌ನಲ್ಲೂ ಇಂಥದೇ ನಿಯಮ: ಕಣಕ್ಕಿಳಿಯುವ 18 ಆಟಗಾರರಲ್ಲಿ ಕನಿಷ್ಠ 12 ಮಂದಿ 260ರೊಳಗೆ ಇರಬೇಕು. ವರ್ಷಕ್ಕೆ 72 ಎಂದರೆ ನಾಲ್ಕು ಸೀಸನ್‌ನಲ್ಲಿ ಗೆರೆ ದಾಟಿತು. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ, ಆಟ ಈಗಷ್ಟೇ ಮಾಗಿದೆ, ಆ ನಾಲ್ಕು ಜಾಗಕ್ಕಾಗಿ ಕಾಯಬೇಕು. ಹೊಸಬರನ್ನು ಬೆಳೆಸಲು ನಿಯಮ ಬೇಕೆಂಬುದು ಸರಿ. ನಡುವಿನವನನ್ನು ಹೀಗೆ ಹೊರಗೆ ತಳ್ಳುವುದು ಮಾತ್ರ ನನಗೆ ನ್ಯಾಯವೆನಿಸುವುದಿಲ್ಲ. ಅಂಥವರು ಬ್ರಿಟನ್‌ಗೋ ಜರ್ಮನಿಯ ಎರಡನೇ ದರ್ಜೆಗೋ ಹೋಗುತ್ತಾರೆ. ಅಲ್ಲಿ ಪಂದ್ಯ ಕಡಿಮೆ, ಹೆಚ್ಚಾಗಿ ಮನೆ, ಕಾರು ಕೊಡುತ್ತಾರೆ. ಹೊರದೇಶದವರಿಗೆ ಜಾಗ ಅಲ್ಲೂ ಎಣಿಕೆಯವೇ.

ಹಾಗೆಂದು ಏಣಿ ಹತ್ತಿದವರೇ ಇಲ್ಲವೆಂದಲ್ಲ. ಎನ್‌ಎಚ್‌ಎಲ್ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅಲೆಕ್ಸ್ ಬರೋಸ್‌ನನ್ನು ಯಾರೂ ಆರಿಸಲಿಲ್ಲ. ಇಸಿಎಚ್‌ಎಲ್‌ನಿಂದ ಮೇಲೆ ಬಂದು ವ್ಯಾಂಕೂವರ್ ಪರ 2011ರ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್‌ನ ಪ್ರಶಸ್ತಿ) ಫೈನಲ್‌ನ ಎರಡನೇ ಪಂದ್ಯದಲ್ಲಿ, ಹೆಚ್ಚುವರಿ ಆಟ ಶುರುವಾದ 11ನೇ ಸೆಕೆಂಡಿಗೆ ಗೆಲುವಿನ ಗೋಲು ಹೊಡೆದ. ಐಸ್ ಇಲ್ಲದ ನೆಲದಲ್ಲಿ ಬೂಟು ಹಾಕಿ ಚೆಂಡಿನಿಂದ ಆಡುವ ಬಾಲ್ ಹಾಕಿಯಲ್ಲೂ ಅವನು ಕೆನಡಾ ತಂಡದ ಆಟಗಾರನಾಗಿದ್ದ. ಭಾರತೀಯ ಮೂಲದವರಲ್ಲಿ ಎನ್‌ಎಚ್‌ಎಲ್‌ಗೆ ಮೊದಲು ಕಾಲಿಟ್ಟವನು ರಾಬಿನ್ ಬಾವಾ, 1989ರಲ್ಲಿ. ಅಲ್ಲಿ ಅವನಿಗೆ ಸಿಕ್ಕಿದ್ದು 61 ಪಂದ್ಯ, ಮಿಕ್ಕ ವರ್ಷಗಳೆಲ್ಲ ಕೆಳಮೆಟ್ಟಿಲಿನ ಲೀಗುಗಳಲ್ಲೇ.

ಊರಿಗೆ ಹೊರಟ ಸ್ನೇಹಿತರ ಕೈಯಲ್ಲಿ ಮೊಮ್ಮಗನಿಗೆ ಒಂದು ಪಕ್ ಕಳಿಸಿದ್ದೇನೆ, ಐಸ್ ಹಾಕಿಯಲ್ಲಿ ಚೆಂಡಿನ ಬದಲು ಹೊಡೆಯುವ ಬಿಲ್ಲೆ ಅದು. ಗಟ್ಟಿ ರಬ್ಬರಿನದು, ಒಂದಿಂಚು ದಪ್ಪ, ಮೂರಿಂಚು ಅಗಲ, 170 ಗ್ರಾಂವರೆಗೆ ತೂಕ, ಸುಮಾರಾಗಿ ನಿಮ್ಮ ಹಾಕಿ ಚೆಂಡಿನಷ್ಟೇ. ಇಲ್ಲಿ ಪಂದ್ಯಕ್ಕೆ ಮೊದಲು ಅದನ್ನು ಫ್ರೀಜರ್‌ನಲ್ಲಿಡುತ್ತಾರೆ, ಬೆಚ್ಚಗಿದ್ದರೆ ಪುಟಿಯುತ್ತದೆ. ಕಾಫಿ ಒಣಗಿಸುವ ಕಣದ ಸಿಮೆಂಟಿನ ಮೇಲೆ ಅದನ್ನು ಜೋರಾಗಿ ಹೊಡೆಯಬೇಡವೆಂದು ಅವನಿಗೆ ಹೇಳಿ, ಸ್ಟಿಕ್ಕಿನ ಮೂತಿ ಸವೆದುಹೋದೀತು. ಕಾಫಿ ಹೂವರಳಿಸುವ ಹೂಮಳೆ ಬಿದ್ದ ದಿನ ಒಂದು ಫೋನ್ ಮಾಡಿ. ಈ ಸಲದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಯಾವಾಗ ಶುರು ಎಂದೂ ತಿಳಿಸಿ, ರಜೆ ಹಾಕಿ ಬರುತ್ತೇನೆ.

ಚಿಕ್ಕಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿಮ್ಮ ಪ್ರೀತಿಯ ಅಣ್ಣನ ಮಗ